‘ಆನ್ ಆಗಲಿಲ್ಲ’ ಎಂದು ಬರೆಯುವ ಮೊದಲು

ಬೋಧನಾಭ್ಯಾಸದ ದಿನಗಳಲ್ಲಿ ನನ್ನ ಮೇಜಿಗೆ ಬರುವ ಪಾಠಯೋಜನೆ ಪುಸ್ತಕಗಳ ಕೊನೆಯಲ್ಲಿ ‘ಸ್ವಾವಲೋಕನ’ ಎಂಬ ಅಂಕಣವಿರುತ್ತದೆ. ಕೆಲವು ವರ್ಷಗಳಿಂದ ಆ ಅಂಕಣದಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಕಾಣುತ್ತಿದೆ: ‘ಲ್ಯಾಪ್‌ಟಾಪ್ ಆನ್ ಆಗದ ಕಾರಣ ಪಾಠವನ್ನು ಉಪನ್ಯಾಸ ವಿಧಾನದಲ್ಲಿ ಮುಗಿಸಲಾಯಿತು.’ ದೊಡ್ಡಬಳ್ಳಾಪುರದ ಶಾಲೆಯಿಂದ ಬಂದ ಪುಸ್ತಕದಲ್ಲೂ ಇದೇ ವಾಕ್ಯ, ಹೊಸಕೋಟೆಯಿಂದ ಬಂದದ್ದರಲ್ಲೂ ಇದೇ. ವೀಕ್ಷಕರು ಕೆಳಗೆ ಸಹಿ ಹಾಕುತ್ತಾರೆ, ‘ತಂತ್ರಜ್ಞಾನದ ಬಳಕೆ’ ಎಂಬ ಸಾಲಿನಲ್ಲಿ ಒಂದೆರಡು ಅಂಕ ಕಡಿಮೆಯಾಗುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ನನಗೆ ಆ ವಾಕ್ಯದ ಬಗ್ಗೆಯೇ ತಕರಾರಿದೆ. ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರು ಪ್ರಯೋಗದ ವರದಿಯಲ್ಲಿ ‘ಫಲಿತಾಂಶ ಬರಲಿಲ್ಲ’ ಎಂದಷ್ಟೇ ಬರೆದರೆ ನಾವು ಒಪ್ಪುವುದಿಲ್ಲ. ಏನು ಕಂಡಿತು, ಎಲ್ಲಿ ನಿಂತಿತು ಎಂದು ಕೇಳುತ್ತೇವೆ. ಲ್ಯಾಪ್‌ಟಾಪಿನ ವಿಚಾರದಲ್ಲಿ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಎನ್‌ಸಿಟಿಇ 2014ರ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು, ಶಾಲಾ ಅನುಭವಕ್ಕೆ 20 ವಾರ ಸಿಕ್ಕಿತು, ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಪತ್ರಿಕೆಯೇ ಬಂತು. ಆ ಪತ್ರಿಕೆಯಲ್ಲಿ ಸ್ಲೈಡ್ ಮಾಡುವುದನ್ನು ಕಲಿಸುತ್ತೇವೆ, ವಿಡಿಯೊ ಹುಡುಕುವುದನ್ನು ಕಲಿಸುತ್ತೇವೆ. ಹಳ್ಳಿಯ ಶಾಲೆಯಲ್ಲಿ ಯಂತ್ರ ಕಪ್ಪಗೆ ಕುಳಿತಾಗ ಮೊದಲು ಎಲ್ಲಿ ನೋಡಬೇಕು ಎಂಬುದನ್ನು ಕಲಿಸುವುದಿಲ್ಲ. ಬೋಧನಾಭ್ಯಾಸದಲ್ಲಿ ಅದಕ್ಕೆ ಜಾಗ ಇರಬೇಕು, ಅಂಕವೂ ಇರಬೇಕು ಎಂಬುದು ನನ್ನ ವಾದ.

‘ಆನ್ ಆಗುತ್ತಿಲ್ಲ’ ಎಂಬ ಒಂದೇ ದೂರಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ, ಏನೂ ಇಲ್ಲ, ಇದು ಒಂದು. ದೀಪ ಬರುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು, ಇದು ಇನ್ನೊಂದು. ಕಂಪನಿಯ ಗುರುತು ಮೂಡಿ ಅಲ್ಲೇ ನಿಂತುಬಿಡುತ್ತದೆ, ಇದು ಮೂರನೆಯದು. ಮೂರನೆಯದನ್ನು ‘ಆನ್ ಆಗಲಿಲ್ಲ’ ಎನ್ನುವುದೇ ತಪ್ಪು. ಯಂತ್ರ ಆನ್ ಆಗಿದೆ, ತಂತ್ರಾಂಶ ಎದ್ದಿಲ್ಲ ಅಷ್ಟೆ. ಎರಡನೆಯದರಲ್ಲಿ ಯಂತ್ರ ಕೆಲಸ ಮಾಡುತ್ತಲೇ ಇರಬಹುದು. ಕ್ಯಾಪ್ಸ್ ಲಾಕ್ ಕೀಲಿ ಒತ್ತಿದಾಗ ಅದರ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಜೀವವಿದೆ ಎಂದೇ ಅರ್ಥ. ಆಗ ಪ್ರೊಜೆಕ್ಟರಿನ ವೈರು ಸಿಕ್ಕಿಸಿ ನೋಡಬಹುದು. ಗೋಡೆಯ ಮೇಲೆ ಚಿತ್ರ ಬಂದರೆ ತೊಂದರೆ ಇರುವುದು ಪರದೆಯಲ್ಲಿ ಅಥವಾ ಅದಕ್ಕೆ ಹೋಗುವ ವೈರಿನಲ್ಲಿ. ಪಾಠಕ್ಕೆ ಬೇಕಿದ್ದದ್ದು ಗೋಡೆಯ ಮೇಲಿನ ಚಿತ್ರವೇ ಆದ್ದರಿಂದ ಅವತ್ತಿನ ಪಾಠ ನಿಲ್ಲಬೇಕಾಗಿಯೇ ಇಲ್ಲ. ಪ್ರೊಜೆಕ್ಟರ್ ಇಲ್ಲದ ಕಡೆ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂಬದಿಯ ಬೆಳಕು ಹೋಗಿದೆ ಎಂದು ತಿಳಿಯುತ್ತದೆ.

ಹೆಚ್ಚಾಗಿ ನಮ್ಮನ್ನು ಕಂಗೆಡಿಸುವುದು ಮೊದಲನೆಯದು, ಏನೂ ಇಲ್ಲದ್ದು. ಇದನ್ನು ಕಲಿಸಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ದೇವನಹಳ್ಳಿಯ ದ್ರಾಕ್ಷಿ ತೋಟದಲ್ಲಿ, ಹೊಸಕೋಟೆಯ ತರಕಾರಿ ಹೊಲದಲ್ಲಿ ಕೊಳವೆಬಾವಿಯ ಮೋಟಾರು ನಿಂತರೆ ರೈತ ಏನು ಮಾಡುತ್ತಾನೆ? ಸಾವಿರ ಅಡಿ ಆಳದಿಂದ ಪಂಪನ್ನು ಮೇಲೆತ್ತಲು ಗಾಡಿ ಕರೆಸುವುದು ಕೊನೆಯ ಮಾತು, ಅದಕ್ಕೆ ಸಾವಿರಾರು ರೂಪಾಯಿ ಬೇಕು. ಮೊದಲು ಮೂರೂ ಫೇಸ್ ಬಂದಿದೆಯೇ ನೋಡುತ್ತಾನೆ. ಆಮೇಲೆ ಫ್ಯೂಸು. ಆಮೇಲೆ ಸ್ಟಾರ್ಟರ್. ಆಮೇಲೆ ಕೇಬಲ್ಲು. ಹತ್ತಿರದ್ದು, ಅಗ್ಗದ್ದು, ಕೈಗೆ ಸಿಗುವಂಥದ್ದು ಮೊದಲು. ದೂರದ್ದು, ದುಬಾರಿಯಾದದ್ದು ಕೊನೆಗೆ. ಈ ಕ್ರಮವನ್ನು ಅವನಿಗೆ ಯಾವ ಕೈಪಿಡಿಯೂ ಹೇಳಿಕೊಟ್ಟಿಲ್ಲ. ಲ್ಯಾಪ್‌ಟಾಪಿಗೂ ಇದೇ ಕ್ರಮ ಸಾಕು.

ಗೋಡೆಯ ಸಾಕೆಟ್ಟಿನಿಂದ ಶುರುಮಾಡೋಣ. ಅಲ್ಲಿ ಕರೆಂಟ್ ಇದೆಯೇ ಎಂದು ತಿಳಿಯಲು ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿದರೆ ಸಾಕು. ನಮ್ಮ ಎಷ್ಟೋ ಶಾಲೆಗಳಲ್ಲಿ ಸಾಕೆಟ್ಟಿನ ಒಳಗಿನ ಹಿಡಿತ ಸಡಿಲವಾಗಿರುತ್ತದೆ, ಪ್ಲಗ್ ತೂಗಾಡುತ್ತಿರುತ್ತದೆ. ನಡುವೆ ಸ್ಪೈಕ್ ಬೋರ್ಡ್ ಇದ್ದರೆ ಅದಕ್ಕೂ ಒಂದು ಗುಂಡಿ ಇರುತ್ತದೆ, ಯಾರೋ ಕಾಲು ತಾಗಿಸಿ ಅದು ಆಫ್ ಆಗಿರುತ್ತದೆ. ಅಲ್ಲಿಂದ ಅಡಾಪ್ಟರಿಗೆ ಬನ್ನಿ. ಗೋಡೆಯಿಂದ ಬರುವ ದಪ್ಪ ವೈರು ಅಡಾಪ್ಟರಿನ ಡಬ್ಬಿಗೆ ಸೇರುವ ಜಾಗದಲ್ಲಿ ಬಿಚ್ಚಿಕೊಳ್ಳುವಂತಿರುತ್ತದೆ. ಬ್ಯಾಗಿನಲ್ಲಿ ತುರುಕಿ ತಂದಾಗ ಅಲ್ಲಿ ಅರ್ಧ ಹೊರಬಂದಿರುವುದು ತೀರಾ ಸಾಮಾನ್ಯ. ಒತ್ತಿ ಕೂರಿಸಿ. ಡಬ್ಬಿಯ ಮೇಲೆ ದೀಪವಿದ್ದರೆ ಅದು ಹತ್ತಿದೆಯೇ ನೋಡಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ ಆ ದೀಪ ಆರಿಹೋದರೆ ಕೂಡಲೇ ತೆಗೆಯಿರಿ, ಒಳಗೆಲ್ಲೋ ಶಾರ್ಟ್ ಇರಬಹುದು. ಅದು ನಮ್ಮ ಕೆಲಸವಲ್ಲ. ವೈರನ್ನು ಉದ್ದಕ್ಕೂ ಕಣ್ಣಾಡಿಸಿ. ಬಿಸಿಯೂಟದ ಅಕ್ಕಿ ಮೂಟೆಯೂ ಲ್ಯಾಪ್‌ಟಾಪೂ ಒಂದೇ ಕೋಣೆಯಲ್ಲಿರುವ ಶಾಲೆಗಳಲ್ಲಿ ಇಲಿ ಕಡಿದ ವೈರುಗಳನ್ನು ನಾನು ಕಂಡಿದ್ದೇನೆ. ಅಂಥ ವೈರು ಕಂಡರೆ ಮುಟ್ಟುವ ಮೊದಲು ಗೋಡೆಯ ಸ್ವಿಚ್ ಆರಿಸಬೇಕೆಂದು ಮಕ್ಕಳಿಗೂ ಹೇಳಬೇಕು.

‘ವೋಲ್ಟೇಜ್ ಕಡಿಮೆ ಇದೆ, ಅದಕ್ಕೇ ಆನ್ ಆಗುತ್ತಿಲ್ಲ’ ಎಂಬ ಮಾತು ಸಿಬ್ಬಂದಿ ಕೋಣೆಯಲ್ಲಿ ಬಹಳ ಕೇಳಿಬರುತ್ತದೆ. ಸುತ್ತಲ ಹೊಲದ ಮೋಟಾರುಗಳೆಲ್ಲ ಓಡುವ ಹೊತ್ತಿನಲ್ಲಿ ಫ್ಯಾನು ನಿಧಾನವಾಗುತ್ತದೆ, ನಿಜ. ಆದರೆ ಅಡಾಪ್ಟರಿನ ಚೀಟಿ ಓದಿ. ಒಳಬರುವ ವಿದ್ಯುತ್ 100ರಿಂದ 240 ವೋಲ್ಟ್ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಫ್ಯಾನು ತಿಣುಕುವ 160 ವೋಲ್ಟಿನಲ್ಲೂ ಅಡಾಪ್ಟರ್ ಕೆಲಸ ಮಾಡುತ್ತದೆ. ಆ ಚೀಟಿಯನ್ನು ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಯಾಕೆ ಬಳಸುವುದಿಲ್ಲವೋ ನನಗೆ ಗೊತ್ತಾಗುವುದಿಲ್ಲ. ಹೊರಹೋಗುವುದು 19.5 ವೋಲ್ಟ್, 3.34 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಸುಮಾರು 65 ವಾಟ್. ಪಠ್ಯದ ಸೂತ್ರಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಫೋನಿನ ಸಣ್ಣ ಚಾರ್ಜರನ್ನು ಟೈಪ್-ಸಿ ಕಿಂಡಿಗೆ ಹಾಕಿದರೆ ಲ್ಯಾಪ್‌ಟಾಪ್ ಏಕೆ ಮಿಸುಕಾಡುವುದಿಲ್ಲ ಎಂಬ ಪ್ರಶ್ನೆಗೂ ಅದೇ ಲೆಕ್ಕದಲ್ಲಿ ಉತ್ತರವಿದೆ.

ಶಾಲೆಗೆ ಒಂದೇ ಮಾದರಿಯ ನಾಲ್ಕಾರು ಲ್ಯಾಪ್‌ಟಾಪ್ ಬಂದಿದ್ದರೆ ಅದು ದೊಡ್ಡ ಅನುಕೂಲ. ಓಡುತ್ತಿರುವ ಯಂತ್ರದ ಅಡಾಪ್ಟರನ್ನು ಇದಕ್ಕೆ ಹಾಕಿ ನೋಡಬಹುದು, ಇದರದ್ದನ್ನು ಅದಕ್ಕೆ ಹಾಕಿ ನೋಡಬಹುದು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಅಡಾಪ್ಟರನ್ನೂ ಸಾಕೆಟ್ಟನ್ನೂ ಒಟ್ಟಿಗೇ ಬದಲಿಸಿದರೆ ಯಂತ್ರ ಓಡಬಹುದು, ಆದರೆ ಯಾವುದು ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ, ನಾಳೆ ಅದೇ ಕೆಟ್ಟ ಸಾಕೆಟ್ಟಿಗೆ ಇನ್ನೊಬ್ಬರು ಬರುತ್ತಾರೆ. ನಿಯಂತ್ರಿತ ಪ್ರಯೋಗದ ಬಗ್ಗೆ ನಾವು ಕ್ರಿಯಾ ಸಂಶೋಧನೆಯ ತರಗತಿಯಲ್ಲಿ ಅರ್ಧ ಗಂಟೆ ಮಾತಾಡುತ್ತೇವಲ್ಲ, ಅದು ಇಷ್ಟೇ.

ಇಷ್ಟೆಲ್ಲ ನೋಡಿಯೂ ಯಂತ್ರ ಕಪ್ಪಗೇ ಇದ್ದರೆ ಒಂದು ಉಪಾಯವಿದೆ. ಅಡಾಪ್ಟರ್ ತೆಗೆಯಿರಿ, ಪೆನ್‌ಡ್ರೈವ್, ಮೌಸ್, ಪ್ರೊಜೆಕ್ಟರ್ ವೈರು ಎಲ್ಲ ತೆಗೆಯಿರಿ, ಬ್ಯಾಟರಿ ಹೊರಗಿನಿಂದ ಬಿಚ್ಚುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಗುಂಡಿಯನ್ನು ಸುಮಾರು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಂತರ ಅಡಾಪ್ಟರ್ ಮಾತ್ರ ಸಿಕ್ಕಿಸಿ ಗುಂಡಿ ಒತ್ತಿ. ಎಷ್ಟೋ ಸಲ ಯಂತ್ರ ಎದ್ದುಬಿಡುತ್ತದೆ. ಇದನ್ನು ತರಬೇತಿಗಳಲ್ಲಿ ಮಂತ್ರದ ಹಾಗೆ ಹೇಳಿಕೊಡುವುದನ್ನು ಕೇಳಿದ್ದೇನೆ. ಕಾರಣ ಹೇಳದೆ ಕಲಿಸಿದರೆ ನಮಗೂ ನಿಂಬೆಹಣ್ಣು ಕಟ್ಟುವವರಿಗೂ ಏನು ವ್ಯತ್ಯಾಸ? ಕಾರಣ ಹೀಗಿದೆ. ಟ್ಯೂಬ್‌ಲೈಟಿನ ಸ್ವಿಚ್ ಕರೆಂಟನ್ನು ನೇರವಾಗಿ ಕೂಡಿಸಿ ಕಡಿಯುತ್ತದೆ. ಲ್ಯಾಪ್‌ಟಾಪಿನ ಗುಂಡಿ ಹಾಗಲ್ಲ, ಅದೊಂದು ಕರೆಗಂಟೆ. ಒಳಗೊಂದು ಸಣ್ಣ ನಿಯಂತ್ರಕ ಚಿಪ್ ಇರುತ್ತದೆ. ಬ್ಯಾಟರಿಯ ಅಥವಾ ಅಡಾಪ್ಟರಿನ ಕರೆಂಟಿನಲ್ಲಿ ಅದು ಸದಾ ಎಚ್ಚರವಿದ್ದು, ಗಂಟೆ ಕೇಳಿದಾಗ ಉಳಿದ ಭಾಗಗಳಿಗೆ ವಿದ್ಯುತ್ ಬಿಡುತ್ತದೆ. ಕೆಲವೊಮ್ಮೆ ಆ ಚಿಪ್ಪೇ ಗೊಂದಲಕ್ಕೆ ಸಿಕ್ಕಿ ನಿಂತಿರುತ್ತದೆ. ಗಂಟೆ ಬಾರಿಸುತ್ತಲೇ ಇದ್ದರೂ ಬಾಗಿಲು ತೆರೆಯುವವರಿಲ್ಲ. ಉಳಿದ ವಿದ್ಯುತ್ತೆಲ್ಲ ಇಳಿದುಹೋದರೆ, ಅಥವಾ ಗುಂಡಿಯನ್ನು ಅಷ್ಟು ಹೊತ್ತು ಒತ್ತಿದ್ದಕ್ಕೆ ಆ ಚಿಪ್ ಮರುಹೊಂದಿಸಲ್ಪಟ್ಟರೆ, ಅದು ಮೊದಲಿನಿಂದ ಶುರುಮಾಡುತ್ತದೆ. ಮಕ್ಕಳಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಒಂಬತ್ತನೇ ತರಗತಿಯ ಜೀವಕೋಶದ ಪಾಠ ನೋಡುತ್ತಿದ್ದೆ. ಪ್ರಶಿಕ್ಷಣಾರ್ಥಿ ಗುಂಡಿಯನ್ನು ಏಳೆಂಟು ಸಲ ಒತ್ತಿದರು. ತರಗತಿಯಲ್ಲಿ ಗದ್ದಲ ಏರಿತು. ಎರಡನೇ ಸಾಲಿನ ಹುಡುಗನೊಬ್ಬ, ‘ಮೇಡಂ, ಚಾರ್ಜರ್ ಮೇಲೆ ಲೈಟೇ ಬಂದಿಲ್ಲ’ ಎಂದ. ಸ್ಪೈಕ್ ಬೋರ್ಡಿನ ಗುಂಡಿ ಆಫ್ ಆಗಿತ್ತು. ಅದನ್ನು ಹಾಕಿದ ಮೇಲೂ ಯಂತ್ರ ತಕ್ಷಣ ಏಳಲಿಲ್ಲ, ಬ್ಯಾಟರಿ ಪೂರ್ತಿ ಬರಿದಾಗಿತ್ತು. ಆಕೆ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಶುರುಮಾಡಿದರು, ಇಪ್ಪತ್ತು ನಿಮಿಷದ ಹೊತ್ತಿಗೆ ಪರದೆ ಬೆಳಗಿತು, ಕೊನೆಗೆ ವಿಡಿಯೊವನ್ನೂ ತೋರಿಸಿದರು. ಚೆನ್ನಾದ ಪಾಠ. ಪಾಠದ ನಂತರ ಆ ಹುಡುಗನನ್ನು ಕೇಳಿದೆ, ನಿನಗೆ ಹೇಗೆ ಗೊತ್ತಾಯಿತು ಎಂದು. ‘ಮಗ್ಗ ನಿಂತ್ರೆ ನಮ್ಮಪ್ಪ ಮೊದ್ಲು ಕರೆಂಟ್ ಐತಾ ಅಂತ ನೋಡ್ತಾರೆ ಸಾರ್, ಆಮೇಲೆ ಬೆಲ್ಟು, ಆಮೇಲೆ ನೂಲು’ ಎಂದ. ವಿದ್ಯುತ್ ಮಗ್ಗದ ಸದ್ದಿನಲ್ಲೇ ಬೆಳೆದ ಮಕ್ಕಳು ಆ ಊರಿನ ಪ್ರತಿ ತರಗತಿಯಲ್ಲೂ ಇದ್ದಾರೆ. ಪ್ರಶಿಕ್ಷಣಾರ್ಥಿಯ ಪುಸ್ತಕ ಸಂಜೆ ನನ್ನ ಕೈಗೆ ಬಂದಾಗ ಸ್ವಾವಲೋಕನದಲ್ಲಿ ಇದ್ದದ್ದು ‘ಆರಂಭದಲ್ಲಿ ಲ್ಯಾಪ್‌ಟಾಪ್ ಆನ್ ಆಗಲಿಲ್ಲ’ ಎಂಬ ನಾಲ್ಕು ಪದ. ಆ ಹುಡುಗ ಎಲ್ಲಿಯೂ ಇರಲಿಲ್ಲ. ಅವತ್ತಿನ ಪಾಠದಲ್ಲಿ ನಡೆದ ಅತ್ಯುತ್ತಮ ಯೋಚನೆ ದಾಖಲೆಯಿಂದ ಬಿಟ್ಟುಹೋಗಿತ್ತು. ಅಂಥದ್ದನ್ನು ಬರೆಯಲು ನಮ್ಮ ನಮೂನೆಯಲ್ಲಿ ಜಾಗವೇ ಇಲ್ಲ.

ರಿಚರ್ಡ್ ಫೈನ್‌ಮನ್ ಎಂಬ ಭೌತವಿಜ್ಞಾನಿ ತನ್ನ ಬಾಲ್ಯದ ಬಗ್ಗೆ ಹೇಳಿಕೊಂಡ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹುಡುಗನಾಗಿದ್ದಾಗ ಆತ ನೆರೆಹೊರೆಯವರ ರೇಡಿಯೊ ರಿಪೇರಿ ಮಾಡುತ್ತಿದ್ದ. ಒಬ್ಬರ ಮನೆಯ ರೇಡಿಯೊ ಹಾಕಿದ ಕೂಡಲೇ ಗುರ್ರೆಂದು ಸದ್ದು ಮಾಡಿ ಆಮೇಲೆ ಸರಿಹೋಗುತ್ತಿತ್ತು. ಆತ ಅದನ್ನು ಬಿಚ್ಚದೆ ಅತ್ತಿಂದಿತ್ತ ಓಡಾಡುತ್ತ ಯೋಚಿಸತೊಡಗಿದಾಗ ಯಜಮಾನನಿಗೆ ಸಿಟ್ಟು ಬಂತು. ಕೊನೆಗೆ ಆತ ಒಳಗಿನ ಕವಾಟಗಳ ಜಾಗ ಅದಲುಬದಲು ಮಾಡಿದ, ಸದ್ದು ನಿಂತಿತು. ಹುಡುಗ ಯೋಚಿಸಿಯೇ ರೇಡಿಯೊ ಸರಿಮಾಡುತ್ತಾನೆ ಎಂದು ಆ ಯಜಮಾನ ಆಮೇಲೆ ಎಲ್ಲರಿಗೂ ಹೇಳುತ್ತಿದ್ದನಂತೆ. ನಮ್ಮ ವೀಕ್ಷಕರಲ್ಲಿ ಎಷ್ಟು ಜನ ಪ್ರಶಿಕ್ಷಣಾರ್ಥಿ ಎರಡು ನಿಮಿಷ ಸುಮ್ಮನೆ ನಿಂತು ಯೋಚಿಸುವುದನ್ನು ಸಹಿಸುತ್ತಾರೆ? ‘ಸಮಯ ವ್ಯರ್ಥ’ ಎಂದು ಬರೆಯುವ ಪೆನ್ನು ನಮ್ಮ ಕೈಯಲ್ಲಿ ಸಿದ್ಧವಾಗಿಯೇ ಇರುತ್ತದೆ.

ರಜೆಯ ವಿಷಯ ಹೇಳಲೇಬೇಕು. ಏಪ್ರಿಲ್‌ನಲ್ಲಿ ಬೀರುವಿಗೆ ಬೀಗ ಬೀಳುತ್ತದೆ, ಜೂನ್ ಹೊತ್ತಿಗೆ ತೆರೆದಾಗ ಲ್ಯಾಪ್‌ಟಾಪುಗಳು ಸತ್ತಂತಿರುತ್ತವೆ. ಲಿಥಿಯಂ-ಅಯಾನ್ ಬ್ಯಾಟರಿ ಸುಮ್ಮನೆ ಇಟ್ಟರೂ ನಿಧಾನವಾಗಿ ಇಳಿಯುತ್ತದೆ. ಖಾಲಿಯಾದದ್ದನ್ನು ಹಾಗೇ ಇಟ್ಟರೆ ಕೋಶದ ವೋಲ್ಟೇಜ್ ಸುರಕ್ಷಿತ ಮಟ್ಟಕ್ಕಿಂತ ಕೆಳಗೆ ಹೋಗಿ ಬ್ಯಾಟರಿಯೊಳಗಿನ ರಕ್ಷಣಾ ಮಂಡಲ ಅದನ್ನು ಕಡಿದುಬಿಡುತ್ತದೆ. ಮೇ ತಿಂಗಳಲ್ಲಿ ಶೀಟಿನ ಛಾವಣಿಯ ಕೆಳಗಿನ ಕಬ್ಬಿಣದ ಬೀರುವಿನೊಳಗಿನ ಶಾಖ ಇದನ್ನು ಇನ್ನೂ ಕೆಡಿಸುತ್ತದೆ. ಅರ್ಧದಷ್ಟು ಚಾರ್ಜ್ ಮಾಡಿ, ಪೂರ್ತಿ ಆರಿಸಿ, ತಂಪಾದ ಕೋಣೆಯಲ್ಲಿಟ್ಟು, ತಿಂಗಳಿಗೊಮ್ಮೆ ಯಾರಾದರೂ ನೋಡಿದರೆ ಇದು ತಪ್ಪುತ್ತದೆ. ಜೂನ್‌ನಲ್ಲಿ ಏಳದ ಯಂತ್ರವನ್ನು ಸರಿಯಾದ ಅಡಾಪ್ಟರಿಗೆ ಒಂದು ಗಂಟೆ ಸಿಕ್ಕಿಸಿಟ್ಟು ನೋಡಿದ ನಂತರವೇ ದಾಸ್ತಾನು ವಹಿಯಲ್ಲಿ ‘ದುರಸ್ತಿಯಲ್ಲಿದೆ’ ಎಂದು ಬರೆಯಬೇಕು. ಆ ಪದ ಒಮ್ಮೆ ವಹಿಗೆ ಬಿದ್ದರೆ ಆ ಯಂತ್ರ ಮತ್ತೆ ತರಗತಿಗೆ ಬರುವುದು ಅಪರೂಪ. ಮಾಹಿತಿ ಸಿಂಧು ಕಾಲದ ಡೆಸ್ಕ್‌ಟಾಪುಗಳಿಂದ ಟಾಲ್ಪ್ ಕಾಲದ ಲ್ಯಾಪ್‌ಟಾಪುಗಳವರೆಗೆ ಧೂಳಿನ ಹೊದಿಕೆಯಡಿ ಸೇರಿದ ಯಂತ್ರಗಳನ್ನು ಓದುಗರೂ ನೋಡಿರುತ್ತೀರಿ. ಅವುಗಳಲ್ಲಿ ಎಷ್ಟಕ್ಕೆ ಒಂದು ವೈರಷ್ಟೇ ಬೇಕಿತ್ತೋ ಯಾರಿಗೆ ಗೊತ್ತು.

ಇದು ಶಿಕ್ಷಕರ ಕೆಲಸವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ಮಾಡುವವರ ಹೆಗಲಿಗೆ ರಿಪೇರಿಯನ್ನೂ ಹೊರಿಸುತ್ತೀರಾ ಎಂಬ ಅವರ ಸಿಟ್ಟು ನ್ಯಾಯವಾದದ್ದು. ಅದಕ್ಕೇ ಗೆರೆ ಎಲ್ಲಿ ಎಂಬುದನ್ನೂ ಕಲಿಸಬೇಕು ಎನ್ನುತ್ತೇನೆ. ಸ್ಕ್ರೂ ಬಿಚ್ಚುವುದು ನಮ್ಮ ಕೆಲಸವಲ್ಲ, ಅಡಾಪ್ಟರಿನ ಡಬ್ಬಿ ತೆರೆಯುವುದಂತೂ ಅಲ್ಲವೇ ಅಲ್ಲ. ಸುಟ್ಟ ವಾಸನೆ ಬಂದರೆ, ನೀರು ಬಿದ್ದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ, ತಳಭಾಗ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದು ತಿಳಿದು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು, ಮಕ್ಕಳಿಂದ ದೂರವಿಟ್ಟು ಮುಖ್ಯ ಶಿಕ್ಷಕರಿಗೆ ಬರೆದುಕೊಡಬೇಕು. ಗೆರೆಯ ಈಚೆಗೆ ಉಳಿಯುವುದು ನೋಡುವುದು, ಸಿಕ್ಕಿಸುವುದು, ಕಾಯುವುದು, ಬರೆಯುವುದು. ಕೆಟ್ಟರೆ ಯಾರು ಹೊಣೆ ಎಂಬ ಹೆದರಿಕೆಯಿಂದ ಮುಟ್ಟದೆ ಇರುವ ಶಿಕ್ಷಕರಿಗೆ ಈ ಗೆರೆಯೇ ಧೈರ್ಯ ಕೊಡುತ್ತದೆ. ಮೇಲಾಗಿ, ‘65 ವಾಟ್ ಅಡಾಪ್ಟರ್ ದೀಪ ಹತ್ತುತ್ತದೆ, ಬೇರೆ ಅಡಾಪ್ಟರಿನಲ್ಲೂ ಯಂತ್ರದಲ್ಲಿ ದೀಪವಿಲ್ಲ, ಅರ್ಧ ನಿಮಿಷ ಗುಂಡಿ ಒತ್ತಿ ನೋಡಿದೆ’ ಎಂದು ಬರೆದ ಚೀಟಿ ಅಂಟಿಸಿ ಕಳಿಸಿದರೆ ರಿಪೇರಿಯವನಿಗೂ ಕೆಲಸ ಸುಲಭ, ಬಿಲ್ಲಿನಲ್ಲಿ ಇಲ್ಲದ ಖಾಯಿಲೆ ಸೇರಿಸುವುದೂ ಕಷ್ಟ.

ಶಿಕ್ಷಕ ಶಿಕ್ಷಣದಲ್ಲಿ ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎಂಬ ಘಟಕವಿದೆ. ಪ್ರತಿ ವರ್ಷ ಅದರ ವರದಿಗಳನ್ನು ಓದುತ್ತೇನೆ. ‘ವಿದ್ಯಾರ್ಥಿಗೆ ಭಾಗಾಕಾರ ಬರುವುದಿಲ್ಲ’ ಎಂಬುದೇ ನಿದಾನ, ‘ಹೆಚ್ಚು ಲೆಕ್ಕ ಮಾಡಿಸಲಾಯಿತು’ ಎಂಬುದೇ ಪರಿಹಾರ. ಮಗ್ಗಿ ಬರುವುದಿಲ್ಲವೋ, ಕಳೆಯುವಾಗ ದಶಕ ತೆಗೆದುಕೊಳ್ಳಲು ಬರುವುದಿಲ್ಲವೋ, ಭಾಗಲಬ್ಧದಲ್ಲಿ ಸೊನ್ನೆ ಬಿಡುತ್ತಾನೋ, ಹಲಗೆ ಕಾಣುವುದಿಲ್ಲವೋ ಎಂದು ಬಿಡಿಸಿ ನೋಡಿದವರು ಕಡಿಮೆ. ‘ಆನ್ ಆಗಲಿಲ್ಲ’ ಎಂದು ಬರೆಯುವ ಕೈಯೇ ‘ಭಾಗಾಕಾರ ಬರುವುದಿಲ್ಲ’ ಎಂದೂ ಬರೆಯುತ್ತದೆ. ಮಗು ಯಂತ್ರವಲ್ಲ, ಅದಕ್ಕೆ ಮನಸ್ಸಿದೆ, ಹಸಿವಿದೆ, ಮನೆಯಿದೆ. ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ನನಗೂ ಇಷ್ಟವಿಲ್ಲ. ಆದರೆ ಹತ್ತಿರದ ಕಾರಣವನ್ನು ಮೊದಲು ನೋಡುವ, ಒಮ್ಮೆಗೆ ಒಂದನ್ನು ಬದಲಿಸುವ, ಕಂಡದ್ದನ್ನು ಬರೆದಿಡುವ ಅಭ್ಯಾಸ ಎರಡು ಕಡೆಯೂ ಒಂದೇ. ಲ್ಯಾಪ್‌ಟಾಪಿನ ಮೇಲೆ ಅದನ್ನು ಕಲಿಯುವುದು ಸುಲಭ, ಯಾಕೆಂದರೆ ಊಹೆ ಸರಿಯಿದ್ದರೆ ದೀಪ ಹತ್ತುತ್ತದೆ.

ಮಕ್ಕಳ ಕೈಗೇ ಇದನ್ನು ಕೊಟ್ಟವರಿದ್ದಾರೆ. ಕೇರಳದಲ್ಲಿ 2018ರಲ್ಲಿ ಶುರುವಾದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳಲ್ಲಿ ಅನಿಮೇಷನ್, ಸೈಬರ್ ಸುರಕ್ಷತೆಯ ಜೊತೆಗೆ ಹಾರ್ಡ್‌ವೇರ್ ಕೂಡ ಕಲಿಕೆಯ ಭಾಗ. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅಲ್ಲಿ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಕನ್ನಡದಲ್ಲಿ ಇದನ್ನು ಕಲಿಸಲು ಪದಗಳಿಲ್ಲ ಎಂಬ ನೆಪ ಹೇಳುವವರು ಆ ಪುಸ್ತಕವನ್ನೊಮ್ಮೆ ತಿರುವಿಹಾಕಲಿ.

ನಮ್ಮ ಕಾಲೇಜಿನ ಮುಂದಿನ ಇಂಟರ್ನ್‌ಶಿಪ್ ತಯಾರಿಗೆ ನಾನು ಕೊಟ್ಟಿರುವ ಸಲಹೆ ಸರಳವಾದದ್ದು. ಒಂದು ಮಧ್ಯಾಹ್ನ ಮೂರು ಲ್ಯಾಪ್‌ಟಾಪುಗಳನ್ನು ಬೇಕೆಂದೇ ಏಳದಂತೆ ಮಾಡಿಟ್ಟಿರಬೇಕು. ಒಂದಕ್ಕೆ ಅಡಾಪ್ಟರಿನ ವೈರು ಅರ್ಧ ಸಡಿಲ. ಇನ್ನೊಂದರ ಪರದೆಯ ಬೆಳಕು ಪೂರ್ತಿ ಇಳಿಸಿದ್ದು. ಮೂರನೆಯದು ಬ್ಯಾಟರಿ ಖಾಲಿ, ಸಾಕೆಟ್ಟು ಸತ್ತದ್ದು. ಇಬ್ಬಿಬ್ಬರು ಪ್ರಶಿಕ್ಷಣಾರ್ಥಿಗಳು, ಹತ್ತು ನಿಮಿಷ, ಒಬ್ಬರು ಮುಟ್ಟಬೇಕು, ಇನ್ನೊಬ್ಬರು ಬರೆಯಬೇಕು. ಯಂತ್ರ ಎದ್ದಿತೇ ಎಂಬುದಕ್ಕೆ ಅಂಕವಿಲ್ಲ, ಬರೆದ ಕ್ರಮಕ್ಕೆ ಅಂಕ. ತರಗತಿಯಲ್ಲಾದರೆ ಐದು ನಿಮಿಷಕ್ಕಿಂತ ಹೆಚ್ಚು ಮಕ್ಕಳನ್ನು ಕಾಯಿಸಬಾರದು, ಅಷ್ಟರಲ್ಲಿ ಏಳದಿದ್ದರೆ ಸೀಮೆಸುಣ್ಣ ಕೈಗೆತ್ತಿಕೊಳ್ಳಬೇಕು, ಅದಕ್ಕೆ ಬೇಕಾದ ಹಲಗೆ ಕೆಲಸ ಪಾಠಯೋಜನೆಯಲ್ಲೇ ಇರಬೇಕು. ವೀಕ್ಷಣಾ ನಮೂನೆಯಲ್ಲಿ ‘ತಂತ್ರಜ್ಞಾನದ ಬಳಕೆ’ ಎಂಬುದರ ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು: ಉಪಕರಣ ಕೈಕೊಟ್ಟಾಗ ಏನು ನೋಡಿದರು, ಯಾರು ಏನು ಹೇಳಿದರು.

ನಿಜಕ್ಕೂ ಸತ್ತ ಯಂತ್ರಗಳಿಗೂ ನಮ್ಮ ಜಿಲ್ಲೆಯಲ್ಲೇ ಒಂದು ವಿಳಾಸವಿದೆ. ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕವಾದ ಇ-ಪರಿಸರ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಶುರುವಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳನ್ನು ಗುಜರಿಗೆ ಹಾಕುವಂತಿಲ್ಲ, ನೋಂದಾಯಿತ ಸಂಸ್ಥೆಗಳಿಗೇ ತಲುಪಿಸಬೇಕು. ಅನುಮತಿ ಸಿಕ್ಕರೆ ಈ ಸಲದ ಕ್ಷೇತ್ರ ಭೇಟಿಗೆ ಪ್ರಶಿಕ್ಷಣಾರ್ಥಿಗಳನ್ನು ಅಂಥ ಒಂದು ಘಟಕಕ್ಕೆ ಕರೆದೊಯ್ಯಬೇಕೆಂದು ಕೇಳಿದ್ದೇನೆ. ಬಿಚ್ಚಿ ಹರಡಿದ ಲ್ಯಾಪ್‌ಟಾಪಿನ ಮುಂದೆ ನಿಂತು, ನಾವು ಬೀರುವಿನಲ್ಲಿಟ್ಟ ಯಂತ್ರಗಳಲ್ಲಿ ಯಾವುದಕ್ಕೆ ಇಲ್ಲಿಗೆ ಬರುವ ಕಾಲ ಬಂದಿದೆ, ಯಾವುದಕ್ಕೆ ಇನ್ನೂ ಬಂದಿಲ್ಲ ಎಂದು ಅವರೇ ಲೆಕ್ಕ ಹಾಕಲಿ.